ಹಸಿರು ಪಟ್ಟಿ

ಪಟ್ಟಿ ಹಸಿರಾಗಿಯೇ ಬಂತು. ಹಾಗೇ ಬರುತ್ತದೆಂದು ಪರಮೇಶನಿಗೆ ಗೊತ್ತಿತ್ತು. ಆದರೂ ಅದು ಪರದೆಯ ಎಡಗಡೆಯಿಂದ ಹೊರಟು ಬಲಗಡೆಯ ಅಂಚು ಮುಟ್ಟುವ ತನಕ ಅವನು ಉಸಿರು ಹಿಡಿದು ನಿಂತಿದ್ದ. ನಡುವೆ ಎಲ್ಲಾದರೂ ಕೆಂಪಾದೀತು ಎಂದು ಒಳಗೊಳಗೇ ಆಸೆಪಡುತ್ತಿದ್ದ. ಕೆಂಪಾಗಿದ್ದರೆ ಎಲ್ಲ ತಾನಾಗಿಯೇ ಬಯಲಾಗುತ್ತಿತ್ತು, ಅವನು ಬಾಯಿ ತೆರೆಯಬೇಕಾಗಿರಲಿಲ್ಲ. ಹುಬ್ಬಳ್ಳಿ ಕೇಶ್ವಾಪುರದ ಆ ಮಹಡಿಯ ಮೇಲಿನ ಆಫೀಸಿನಲ್ಲಿ ಎಲ್ಲರೂ ಯಜ್ಞೇಶ್ವರ ಸರ್ ಕುರ್ಚಿಯ ಹಿಂದೆ ಗುಂಪುಗೂಡಿದ್ದರು. ಕೆಳಗಿನ ಪಾತ್ರೆ ಅಂಗಡಿಯಲ್ಲಿ ಯಾರೋ ಸ್ಟೀಲ್ ಕೊಡ ಬಡಿದು ನೋಡುತ್ತಿದ್ದ ಸದ್ದು ಮೇಲಿನ ತನಕ ಬರುತ್ತಿತ್ತು. ಕೊಳ್ಳುವ ಮೊದಲು ಬಡಿದು ನೋಡುತ್ತಾರೆ, ತೂತಿದ್ದರೆ ಸದ್ದು ಬೇರೆ ಬರುತ್ತದೆ. ತಾವು ಮಾಡುವುದೂ ಅದನ್ನೇ ಎಂದು ಸರ್ ಹೊಸಬರಿಗೆ ಯಾವಾಗಲೂ ಹೇಳುತ್ತಿದ್ದರು: ಒಂದು ದೊಡ್ಡ ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ಬಡಿದು ನೋಡುವ ಸಣ್ಣ ಸಣ್ಣ ಪರೀಕ್ಷೆ ಬರೆದಿಡುವುದು, ಆ ಪರೀಕ್ಷೆಗಳನ್ನೆಲ್ಲ ಒಂದರ ಹಿಂದೆ ಒಂದು ತಾನೇ ಓಡಿಸುವುದಕ್ಕೆ ರನ್ನರ್ ಎಂಬ ಇನ್ನೊಂದು ಪ್ರೋಗ್ರಾಮು. ಎಲ್ಲವೂ ಪಾಸಾದರೆ ಪಟ್ಟಿ ಹಸಿರು, ಒಂದೇ ಒಂದು ಫೇಲಾದರೂ ಇಡೀ ಪಟ್ಟಿ ಕೆಂಪು. ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದ ಸರ್ ಈ ರನ್ನರನ್ನು ಒಂದು ಸಿ.ಡಿ.ಯಲ್ಲಿ ಹಾಕಿಕೊಂಡು, ಮಠದಿಂದ ಪ್ರಸಾದ ತಂದಷ್ಟು ಜೋಪಾನವಾಗಿ ತಂದಿದ್ದರು.

“ಹಸರು ಅದನಲ್ಲೋ ಪರಮೇಶಾ,” ಎಂದರು ಸರ್, ಕುರ್ಚಿ ಅರ್ಧ ತಿರುಗಿಸಿ. “ಎಲ್ಲಾ ಹಸರು ಅದ. ಮತ್ತ ಆಸ್ಪತ್ರ್ಯಾಗ ಹೆಂಗ ಎಡವಟ್ಟಾತು? ಇಬ್ಬರು ದೇವಕ್ಕ ಬಂದ್ರ ಇದು ಹಿಡೀಬೇಕಾಗಿತ್ತಲ್ಲ? ಸುಕನ್ಯಾ ಅದಕ್ಕಂತನ ಒಂದು ಟೆಸ್ಟ್ ಬರದಿದ್ದಳಲ್ಲ?”

“ಬರದಿದ್ದಳ್ರಿ,” ಎಂದ ಪರಮೇಶ. ಆ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ದಿಗಿಲಾಯಿತು.

ನಿನ್ನೆ ಸಂಜೆ ಆಸ್ಪತ್ರೆಯಿಂದ ಫೋನು ಬಂದಿತ್ತು. ರಕ್ತ ಪರೀಕ್ಷೆಯ ವರದಿ ಮುದ್ರಿಸುವ ಪ್ರೋಗ್ರಾಮು ಇವರದು. ಅದರೊಳಗೆ ರೋಗಿಯನ್ನು ಗುರುತು ಹಿಡಿಯುವ ಭಾಗ ಪರಮೇಶ ಬರೆದದ್ದು. ಅಮ್ಮಿನಬಾವಿಯಿಂದ ಒಂದೇ ದಿನ ಇಬ್ಬರು ದೇವಕ್ಕಂದಿರು ಬಂದಿದ್ದರು. ಇಬ್ಬರ ಗಂಡಂದಿರ ಹೆಸರೂ ಶಿದ್ದಪ್ಪ. ಪ್ರೋಗ್ರಾಮು ಇಬ್ಬರನ್ನೂ ಒಬ್ಬಳೇ ಎಂದು ತಿಳಿದು ಇವಳದನ್ನು ಅವಳಿಗೆ, ಅವಳದನ್ನು ಇವಳಿಗೆ ಮುದ್ರಿಸಿ ಕೊಟ್ಟಿತ್ತು. ಸಕ್ಕರೆ ಕಾಯಿಲೆ ಇದ್ದವಳಿಗೆ ಏನೂ ಇಲ್ಲವೆಂದು, ಇಲ್ಲದವಳಿಗೆ ಇದೆಯೆಂದು. ಎಷ್ಟೋ ದಿನದ ಮೇಲೆ ಈಗ ಒಬ್ಬಳು ಕಾಲಿನ ಗಾಯ ಮಾಯದೆ ಬಂದು ಮಲಗಿದ್ದಳು. ಫೋನು ಇಟ್ಟ ಮೇಲೆ ಸರ್ “ಮುಂಜಾನೆ ನೋಡೋಣ” ಎಂದಷ್ಟೇ ಹೇಳಿ ಹೋಗಿದ್ದರು. ಪರಮೇಶ ಸಪ್ತಾಪುರದ ಮನೆಗೆ ಹೋಗುವ ಬಸ್ಸಿನಲ್ಲಿ ನಿಂತು, ನವನಗರ ದಾಟುವ ತನಕ ನಾಳೆ ಹೇಳಿಬಿಡಬೇಕು ಎಂದುಕೊಂಡ. ಬಸ್ಸು ಧಾರವಾಡ ಮುಟ್ಟುವಷ್ಟರಲ್ಲಿ, ಹೇಳದಿದ್ದರೂ ನಡೆದೀತೇನೋ ಎಂಬಲ್ಲಿಗೆ ಬಂದಿದ್ದ.

“ಸರ್, ಸರ್, ಇಲ್ಲಿ ನೋಡ್ರಿ!” ಮುತ್ತು ಪರದೆಗೆ ಮೂಗು ತಾಗಿಸಿಕೊಂಡು ಕೂಗಿದ. ಆಫೀಸಿನಲ್ಲಿ ಎಲ್ಲರಿಗಿಂತ ಜೋರು ಬಾಯಿ ಅವನದು, ಎಲ್ಲರಿಗಿಂತ ಚುರುಕು ಕಣ್ಣೂ ಅವನದೇ. “ಟೆಸ್ಟ್ ಅಂತ ಎಲ್ಲೈತ್ರಿ ಇದು? ಟಿ, ಇ, ಟಿ, ಎಸ್. ಟೆಟ್ಸ್! ಟೆಟ್ಸ್ ಬರದಾಳ್ರಿ ನಮ್ಮವ್ವ!”

ರನ್ನರಿನ ಗುಣವೇ ಹಾಗಿತ್ತು. ‘ಟೆಸ್ಟ್’ ಎಂದು ಶುರುವಾಗುವ ಹೆಸರಿನದನ್ನು ಮಾತ್ರ ಅದು ಪರೀಕ್ಷೆಯೆಂದು ತಿಳಿದು ಓಡಿಸುತ್ತಿತ್ತು. ಒಂದಕ್ಷರ ಹೆಚ್ಚುಕಡಿಮೆಯಾದರೂ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ತಕರಾರಿಲ್ಲ, ಎಚ್ಚರಿಕೆಯಿಲ್ಲ, ಉಳಿದವು ಪಾಸಾದರೆ ಪಟ್ಟಿ ಹಸಿರೇ. ಎಷ್ಟು ಪರೀಕ್ಷೆ ಓಡಿದವು ಎಂಬ ಅಂಕಿ ಮೂಲೆಯಲ್ಲಿ ಸಣ್ಣದಾಗಿ ಬರುತ್ತಿತ್ತು ನಿಜ, ಆದರೆ ಬಣ್ಣ ನೋಡಿದವರು ಯಾರು ಅಂಕಿ ನೋಡುತ್ತಾರೆ? ಎಲ್ಲರೂ ನಕ್ಕರು. ಸರ್ ಕೂಡ ಸಿಟ್ಟಿನ ನಡುವೆ ತುಟಿ ಕಚ್ಚಿ ನಗು ತಡೆದರು. ಸುಕನ್ಯಾಳ ಇಂಗ್ಲಿಷ್ ಆಫೀಸಿನ ಹಳೆಯ ತಮಾಷೆ. ಕನ್ನಡ ಶಾಲೆಯಲ್ಲಿ ಕಲಿತು ಬಂದ ಹುಡುಗಿ; ಲೆಕ್ಕದಲ್ಲಿ, ತರ್ಕದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ, ಸ್ಪೆಲಿಂಗಿನಲ್ಲಿ ಮಾತ್ರ ಕಾಲು ಜಾರುತ್ತಿದ್ದಳು. ಸೇರಿದ ಹೊಸದರಲ್ಲಿ ಆಸ್ಪತ್ರೆಯ ಪರದೆಯ ಮೇಲೆ ಪೇಶಂಟಿನ ಹೆಸರು ಎಂದು ಬರೆಯುವ ಕಡೆ ತಾಳ್ಮೆ ಎಂಬರ್ಥದ ‘ಪೇಶೆನ್ಸ್’ ಶಬ್ದ ಬರೆದುಬಿಟ್ಟಿದ್ದಳು. ಡಾಕ್ಟರರೊಬ್ಬರು ಫೋನು ಮಾಡಿ, ನಮ್ಮ ತಾಳ್ಮೆಯ ಹೆಸರು ಕೇಳುತ್ತೀರಲ್ಲ ಎಂದು ನಕ್ಕಿದ್ದರು. ಅಂದಿನಿಂದ ಮುತ್ತುವಿನ ಬಾಯಲ್ಲಿ ಅವಳು ‘ತಾಳ್ಮೆವ್ವ’.

“ತಾಳ್ಮೆವ್ವಾ, ಬಾ ಇಲ್ಲೆ. ನಿನ್ನ ಟೆಟ್ಸ್ ನೋಡು ಬಾ.”

ಸುಕನ್ಯಾ ಕಿಟಕಿಯ ಪಕ್ಕದ ತನ್ನ ಜಾಗದಿಂದ ಎದ್ದು ಬಂದಳು. ಬಾಗಿ ನೋಡಿದಳು. ನಾಲ್ಕು ಅಕ್ಷರ ಓದಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ನೋಡಿದಳು ಎಂದು ಪರಮೇಶನಿಗೆ ಅನ್ನಿಸಿತು. ಅವಳ ಕಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ಕೆನ್ನೆ. “ಹೌದ್ರಿ ಸರ್,” ಎಂದಳು. “ಅಕ್ಷರ ತಿರುವ್ಯಾವು.”

“ತಿರುವ್ಯಾವು ಅಂತೀಯಲ್ಲ, ತಾವ ತಿರುವತಾವೇನು? ಅಲ್ಲಿ ಒಬ್ಬಾಕಿ ಕಾಲು ಹಿಡಕೊಂಡು ಮಲಗ್ಯಾಳ!” ಸರ್ ಈಗ ನಗುತ್ತಿರಲಿಲ್ಲ. ಅವರು ಕೆಟ್ಟವರಲ್ಲ, ಹೆದರಿದ್ದರು. ಹೆದರಿದ ಮನುಷ್ಯ ಯಾರಿಗಾದರೂ ಒಂದು ಶಿಕ್ಷೆ ಕೊಟ್ಟ ಹೊರತು ಸಮಾಧಾನಕ್ಕೆ ಬರುವುದಿಲ್ಲ. “ನೋಡವಾ, ನಿನಗ ಬುದ್ಧಿ ಅದ, ಇಲ್ಲ ಅನ್ನೂದಿಲ್ಲ. ಆದ್ರ ಈ ಕೆಲಸಕ್ಕ ಅಕ್ಷರ ಶುದ್ಧ ಇರಬೇಕು. ನಾಳಿಂದ ನೀ ಆಸ್ಪತ್ರ್ಯಾಗ ಕೂಡು. ಬಂದವರ ಹೆಸರು, ಊರು ಟೈಪ್ ಮಾಡಿಕೋತ ಇರು. ಪ್ರೋಗ್ರಾಮು ಬರಿಯೂದು ಸಾಕು. ಮಧ್ಯಾಹ್ನಕ್ಕ ಅವರಿಗೆ ಫೋನ್ ಮಾಡಿ ಹೇಳ್ತೀನಿ. ಈಗ ಹೋಗಿ ಆ ದೇವಕ್ಕಗ ಒಂದು ಮಾತು ತಪ್ಪಾತು ಅಂತ ಹೇಳಿ ಬರ್ರಿ. ಪರಮೇಶಾ, ನೀ ಹಿರಿಯಾವ, ನೀನೂ ಹೋಗು ಇಕಿ ಜೋಡಿ.”

ಆಟೋದಲ್ಲಿ ಪರಮೇಶ ಒಂದು ಮೂಲೆಗೆ ಒತ್ತಿಕೊಂಡು ಕುಳಿತ, ಇನ್ನೊಂದು ಮೂಲೆಯಲ್ಲಿ ಅವಳು. ನಡುವೆ ಅವಳ ಊಟದ ಡಬ್ಬಿಯ ಚೀಲ. ತಾನು ಮಾಡಿದ್ದು ಬಹಳ ಸಣ್ಣದು ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಒಂದು ಅಕ್ಷರವನ್ನು ಇನ್ನೊಂದರ ಹಿಂದೆ ಸರಿಸಿದ್ದು, ಅಷ್ಟೇ. ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೆಳಗಿಳಿದು ಹೋಗಿದ್ದರು. ಮರುದಿನ ಮುಂಜಾನೆ ಪ್ರೋಗ್ರಾಮು ಆಸ್ಪತ್ರೆಗೆ ಕೊಡಬೇಕಾಗಿತ್ತು, ಸುಕನ್ಯಾ ಹಿಂದಿನ ದಿನವೇ ತನ್ನ ಪರೀಕ್ಷೆ ಬರೆದಿಟ್ಟು ಯಾರದೋ ಮದುವೆಗೆ ರಜೆ ಹಾಕಿದ್ದಳು. ಇವನು ಒಬ್ಬನೇ ಕುಳಿತು ಕೊನೆಯ ಸಲವೆಂದು ರನ್ನರ್ ಹಚ್ಚಿದ. ಪಟ್ಟಿ ಅರ್ಧ ಹಸಿರಾಗಿ ಹರಿದು ಬಂದು ತಟ್ಟನೆ ಕೆಂಪಾಯಿತು. ಅವನ ಕೋಡಿಗೆ, ಅವನು ಬರೆದ ಪ್ರೋಗ್ರಾಮಿನ ಸಾಲುಗಳಿಗೆ, ಎಂದೂ ಕೆಂಪು ಬಂದಿರಲಿಲ್ಲ. ಯಾರದು ಕೆಂಪಾಗುತ್ತದೋ ಅವರು ಎಲ್ಲರಿಗೂ ಗಿರ್ಮಿಟ್ ಕೊಡಿಸಬೇಕೆಂದು ಆಫೀಸಿನಲ್ಲಿ ಒಂದು ರಿವಾಜು ಬೆಳೆದಿತ್ತು. ಕೊಡಿಸುವುದು ದೊಡ್ಡದಲ್ಲ, ಆ ಪೊಟ್ಟಣ ಬಿಚ್ಚುವಾಗ ಮುತ್ತು ಒಂದು ಭಾಷಣ ಮಾಡುತ್ತಿದ್ದ: ಈ ಮಂಡಕ್ಕಿ ಯಾರ ಪುಣ್ಯ, ಈ ಹಸಿಮೆಣಸಿನಕಾಯಿ ಯಾರ ಕಣ್ಣೀರು ಎಂದು. ಉಳಿದವರೆಲ್ಲ ಕೊಡಿಸಿದ್ದರು, ಸರ್ ಕೂಡ. ಪರಮೇಶ ಮಾತ್ರ ತಿನ್ನುವವನಾಗಿಯೇ ಉಳಿದಿದ್ದ. ‘ಪರಮೇಶಣ್ಣನ ಕೈಯಾಗ ಹಸರು ಬಳಿ ಅದಾವೋ’ ಎಂದು ಮುತ್ತು ಅನ್ನುತ್ತಿದ್ದ. ಆ ಗೇಲಿಯೊಳಗಿನ ಮರ್ಯಾದೆ ಇವನಿಗೆ ಸಿಹಿಯಾಗಿತ್ತು.

ಸುಕನ್ಯಾಳ ಊರೂ ಅಮ್ಮಿನಬಾವಿಯೇ. ಆ ಪರೀಕ್ಷೆ ಬರೆಯುವ ಮೊದಲು ಅವಳು ಇವನ ಹತ್ತಿರ ಬಂದು ಕೇಳಿಯೂ ಇದ್ದಳಲ್ಲ. ‘ಸರ್, ಹೆಸರು, ಗಂಡನ ಹೆಸರು, ಊರು, ಮೂರೂ ಒಂದ ಇದ್ರ ಏನ್ ಮಾಡ್ತೈತ್ರಿ ನಿಮ್ಮ ಕೋಡು?’ ‘ಎಲ್ಲಿ ಇರ್ತಾರ ಹಂಗ? ಇದು ಸಿನಿಮಾ ಅಲ್ಲ’ ಎಂದಿದ್ದ. ‘ನಮ್ಮ ಓಣ್ಯಾಗ ಅದಾರ್ರಿ,’ ಎಂದಿದ್ದಳು ಅವಳು, ವಾದ ಮಾಡುವ ದನಿಯಲ್ಲಲ್ಲ, ಬಾವಿಯಲ್ಲಿ ನೀರಿದೆ ಎನ್ನುವ ಹಾಗೆ. ಇವನು ನಕ್ಕು ಕಳಿಸಿದ್ದ. ಅವಳು ಹೋಗಿ ತನ್ನ ಓಣಿಯ ಇಬ್ಬರು ದೇವಕ್ಕಂದಿರನ್ನು ಪರೀಕ್ಷೆಯೊಳಗೆ ನಿಲ್ಲಿಸಿದ್ದಳು. ಸರಿ ಮಾಡಬೇಕಾದರೆ ರೋಗಿಗೊಂದು ಬೇರೆ ಸಂಖ್ಯೆ ಕೊಟ್ಟು ಎಲ್ಲ ಪರದೆಗಳನ್ನೂ ತಿದ್ದಬೇಕಾಗಿತ್ತು, ಮರುದಿನದೊಳಗೆ ಆಗುವ ಕೆಲಸವಲ್ಲ. ಸರ್‌ಗೆ ಹೇಳಬಹುದಾಗಿತ್ತು. ಮೆಟ್ಟಿಲ ಮೇಲೆ ಕಾಲಸಪ್ಪಳ, ಮುತ್ತುವಿನ ನಗು ಕೇಳಿಸಿತು. ಎಲ್ಲರ ಫೈಲೂ ಒಂದೇ ಮಶೀನಿನಲ್ಲಿರುತ್ತಿದ್ದವು, ಯಾರು ಬೇಕಾದರೂ ತೆರೆಯಬಹುದು, ಯಾರು ಮುಟ್ಟಿದರೆಂಬುದು ಉಳಿಯುತ್ತಿರಲಿಲ್ಲ. ಅವನ ಬೆರಳು ಅವಳ ಫೈಲು ತೆರೆದು, ಆ ಹೆಸರಿನ ಹತ್ತಿರ ಹೋಗಿ, ಎಸ್ ಅಳಿಸಿ, ಟಿ ಆದಮೇಲೆ ಮತ್ತೆ ಬರೆಯಿತು. ಮುತ್ತು ಒಳಗೆ ಬಂದು ‘ಏನಣ್ಣಾ, ಹಸರಾ?’ ಎಂದಾಗ ‘ಮತ್ತಿನ್ನೇನು’ ಎಂದಿದ್ದ. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡಿದ್ದ. ಆ ‘ಆಮೇಲೆ’ ಬರಲೇ ಇಲ್ಲ. ಅದು ಅವಸರದಲ್ಲಿ ಆದದ್ದು, ಅವಸರದಲ್ಲಿ ಕೈಗೆ ಸಿಕ್ಕ ಸುಲಭದ ದಾರಿ ಅದು ಎಂದು ಅವನು ಈಗ ಆಟೋದ ಕುಲುಕಾಟದಲ್ಲಿ ಮತ್ತೆ ಹೇಳಿಕೊಂಡ. ಆದರೆ ಇಡೀ ಪರೀಕ್ಷೆಯನ್ನೇ ಅಳಿಸಿಹಾಕುವುದು ಇನ್ನೂ ಸುಲಭವಿತ್ತಲ್ಲ ಎಂಬ ಮಾತು ಒಳಗೆಲ್ಲೋ ತಲೆಯೆತ್ತಿತು. ಅವನು ಹೊರಗೆ ನೋಡತೊಡಗಿದ.

ಹೆಂಗಸರ ವಾರ್ಡಿನಲ್ಲಿ ದೇವಕ್ಕ ಕಿಟಕಿಯ ಕೆಳಗಿನ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಾದದ ತುಂಬ ಪಟ್ಟಿ ಕಟ್ಟಿತ್ತು. ಇವರು ಇನ್ನೂ ಬಾಗಿಲಲ್ಲಿರುವಾಗಲೇ ಕಣ್ಣು ಕಿರಿದು ಮಾಡಿ, “ಅಗಸಿ ಓಣಿ ಸಂಗವ್ವನ ಮಗಳಲ್ಲೇನ ನೀ?” ಎಂದಳು.

“ಹೌದಬೇ ಎವ್ವಾ,” ಎಂದಳು ಸುಕನ್ಯಾ.

“ಮಾತಾಡ್ಸಾಕ ಬಂದಿ? ಛಲೋ ಆತು. ಕೂಡು ಬಾ.”

“ಇಲ್ಲಬೇ. ನಾ... ಆ ಕಾಗದ ತಪ್ಪ ಬಂತಲ್ಲ, ಅದು ನಮ್ಮ ಆಫೀಸಿಂದ ಆದದ್ದು. ನಮ್ಮ ಕಡಿಂದ ತಪ್ಪಾಗೇತಿ. ಹೊಟ್ಯಾಗ ಹಾಕ್ಕೋಬೇಕು.” ಅವಳು ಕೈ ಮುಗಿದಳು.

ಮುದುಕಿಗೆ ಅದು ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಆಮೇಲೆ ಮುಖದ ಮೇಲಿದ್ದ ಊರಿನ ಪ್ರೀತಿ ನಿಧಾನ ಇಳಿಯಿತು. “ನೀನ ಮಾಡಿದ್ದೇನ ಇದನ್ನ? ನಿಮ್ಮವ್ವ ಊರ ತುಂಬ ಹೇಳ್ಕೊಂತ ತಿರಗತಾಳ, ನಮ್ಮ ಹುಡಿಗಿ ಹುಬ್ಬಳ್ಳ್ಯಾಗ ಕಂಪ್ಯೂಟರ್ ನಡಸ್ತಾಳ ಅಂತ. ಹಿಂಗ ನಡಸ್ತೀಯೇನ? ಸಕ್ಕರಿ ಇಲ್ಲ ಅಂತ ಬರದ ಕೊಟ್ರ್ಯಲ್ಲವಾ, ಆ ಖುಷಿಗೆ ನಾ ಮನ್ಯಾಗ ಹೋಳಿಗಿ ಮಾಡ್ಸಿ ತಿಂದೆ! ಅಕಿ, ಆ ಇನ್ನೊಬ್ಬಾಕಿ ದೇವಿ, ಪಾಪ, ಬರೇ ಹಾಗಲಕಾಯಿ ತಿಂದು ಒಣಕೊಂಡು ಕುಂತಾಳ. ಸೊಸಿ ಒಂದು ತುಣುಕು ಬೆಲ್ಲ ಕೊಡಲಿಲ್ಲ ಅಂತ ಮನಿ ತುಂಬ ಜಗಳ.” ಪಕ್ಕದ ಮಂಚದಿಂದ ಯಾರೋ ನಕ್ಕರು; ದೇವಕ್ಕನೂ ನಗಲು ಹೋದವಳು ನಡುವೆಯೇ ನಿಲ್ಲಿಸಿ ತನ್ನ ಪಾದ ನೋಡಿಕೊಂಡಳು. “ಹೆಬ್ಬೆರಳು ಉಳೀತೈತೋ ತಗೀಬೇಕೋ ನಾಳೆ ಹೇಳ್ತಾರಂತ.”

ಸುಕನ್ಯಾ ತಲೆ ತಗ್ಗಿಸಿ ನಿಂತಿದ್ದಳು. ಪರಮೇಶನ ಎಡಗೈಯ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಬಡಿದುಕೊಳ್ಳುತ್ತಿದ್ದವು. ಅದು ಅವನ ಹಳೆಯ ಚಟ. ಅವನೂ ಕನ್ನಡ ಶಾಲೆಯವನೇ. ಇಂಗ್ಲಿಷ್ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿ ಸ್ಪೆಲಿಂಗ್ ಕೇಳುವಾಗ, ಚಡ್ಡಿಯ ಮೇಲೆ ಒಂದೊಂದು ಬೆರಳಿಗೆ ಒಂದೊಂದು ಅಕ್ಷರ ಎಣಿಸುತ್ತ ಹೇಳುತ್ತಿದ್ದ, ತಪ್ಪಿದರೆ ಕೆಳಗಿನ ಹುಡುಗಿಯರು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಈಗಲೂ ಉದ್ದನೆಯ ಶಬ್ದ ಬರೆಯಬೇಕಾದರೆ ಮೇಜಿನ ಕೆಳಗೆ ಬೆರಳು ಎಣಿಸುತ್ತಾನೆ. ಮುತ್ತು ‘ತಾಳ್ಮೆವ್ವ’ ಎಂದಾಗಲೆಲ್ಲ ಇವನು ಎಲ್ಲರಿಗಿಂತ ಒಂದು ಕ್ಷಣ ಮೊದಲೇ ನಗುತ್ತಿದ್ದ.

“ನೀವು ದೊಡ್ಡ ಸಾಹೇಬ್ರೇನ್ರಿ?” ದೇವಕ್ಕ ಇವನ ಕಡೆ ತಿರುಗಿದಳು. ದನಿಯಲ್ಲಿ ತಟ್ಟನೆ ಮರ್ಯಾದೆ ಬಂದಿತ್ತು. “ಇವು ಹುಡುಗುರು, ತಪ್ಪು ಮಾಡ್ತಾವು. ನೀವರ ನೋಡಬಾರದೇನ್ರೀ ಯಪ್ಪಾ?”

“ನೋಡಬೇಕಾಗಿತ್ತವಾ,” ಎಂದ ಪರಮೇಶ. “ತಪ್ಪು ನಂದ ಐತಿ.”

ಹೇಳಿಯೇಬಿಟ್ಟೆ ಎಂದುಕೊಂಡ. ಆದರೆ ದೇವಕ್ಕ ಪಕ್ಕದ ಮಂಚದವಳ ಕಡೆ ತಿರುಗಿ, “ನೋಡವಾ, ದೊಡ್ಡವರ ಮಾತು ಹೆಂಗಿರ್ತೈತಿ,” ಎಂದಳು. ಸುಕನ್ಯಾಳಿಗೆ, “ಹೋಗ, ನಿಮ್ಮವ್ವಗ ನಾ ಹೇಳತೇನಿ ಬಿಡು,” ಎಂದಳು. ಅದು ಕ್ಷಮೆಯೋ ಬೆದರಿಕೆಯೋ ಗೊತ್ತಾಗಲಿಲ್ಲ.

ಆಸ್ಪತ್ರೆಯ ಎದುರು ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಅವಳು ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದಳು, ಕುಡಿಯುತ್ತಿರಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಪರಮೇಶನಿಗೆ ಅನ್ನಿಸಿತು, ಹೇಳಿದರೆ ಇವಳು ಅತ್ತಾಳು, ಚೀರಿಯಾಳು, ಆಮೇಲೆ ಸಮಾಧಾನ ಮಾಡಬಹುದು ಎಂದೂ ಅನ್ನಿಸಿತು. ಸಮಾಧಾನ ಮಾಡುವ ಆ ಚಿತ್ರದಲ್ಲಿ ತಾನು ಮತ್ತೆ ಹಿರಿಯನಾಗಿಯೇ ಕಂಡದ್ದು ಅವನಿಗೆ ಹೊಳೆಯಲಿಲ್ಲ.

“ಸುಕನ್ಯಾ, ಆ ಅಕ್ಷರ ತಿರುವಿದಾವ ನಾನು.”

ಅವಳು ಲೋಟದಿಂದ ಕಣ್ಣು ತೆಗೆಯಲಿಲ್ಲ. “ಗೊತ್ತೈತ್ರಿ ಸರ್.”

“ಗೊತ್ತೈತಿ? ಹೆಂಗ?”

“ನಾ ಆ ಶಬ್ದ ಎಂದೂ ಕೈಲೆ ಬರಿಯಂಗಿಲ್ರಿ. ಆ ತಾಳ್ಮಿ ಆದಾಗಿಂದ ನನಗ ಧೈರ್ಯನ ಇಲ್ಲ. ಹಳೇ ಟೆಸ್ಟಿಂದ ಕಾಪಿ ಮಾಡಿ ಹಚ್ಚತೇನಿ. ಕಾಪಿ ಮಾಡಿದ್ದು ತಾನ ಹೆಂಗ ತಿರವತೈತ್ರಿ?” ಲೋಟವನ್ನು ಕೈಯಲ್ಲೇ ತಿರುಗಿಸುತ್ತ, “ಆ ಕೋಡು ನಿಮ್ಮದು. ಬ್ಯಾರೆಯವರಿಗೆ ಅದನ್ನ ಮುಟ್ಟಿ ಏನಾಗಬೇಕಾಗಿತ್ತು?” ಎಂದಳು.

“ಮತ್ತ ಅಲ್ಲೇ ಯಾಕ ಹೇಳಲಿಲ್ಲ ನೀ?”

“ನಾ ಹೇಳಿದ್ರ ಯಾರು ನಂಬತಿದ್ರು? ಎಲ್ಲಾರೂ ಆಗಲೇ ನಗಾಕತ್ತಿದ್ರು.” ಅವಳು ಮೊದಲ ಸಲ ಇವನ ಮುಖ ನೋಡಿದಳು. ಕಣ್ಣಲ್ಲಿ ಇವನು ಅಂದುಕೊಂಡಿದ್ದ ನೀರಿರಲಿಲ್ಲ. “ನೀವು ಹೇಳ್ತೀರಿ ಅಂತ ಕಾಯಾಕತ್ತಿದ್ನಿ. ಮುತ್ತು ನಗುವಾಗ ಹೇಳ್ತೀರಿ ಅಂದ್ಕೊಂಡೆ. ಆಟೋದಾಗ ಹೇಳ್ತೀರಿ ಅಂದ್ಕೊಂಡೆ. ಆ ಮುದುಕಿ ಮುಂದ ನಾ ಕೈ ಮುಗಿಯೂ ಮುಂದ...”

“ಈಗ ಹೇಳಿದ್ನಲ್ಲ?”

“ನನಗ ಹೇಳಿದ್ರಿ. ನನಗ ಗೊತ್ತಿದ್ದದ್ದನ್ನ ನನಗ ಹೇಳಿದ್ರಿ.” ಅವಳು ಲೋಟವನ್ನು ಹಾಗೇ ಬೆಂಚಿನ ಮೇಲಿಟ್ಟು ಎದ್ದಳು. “ನಡೀರಿ. ಸರ್ ಫೋನ್ ಮಾಡೂ ಹೊತ್ತಾಗೇತಿ.”

ಆಟೋದಲ್ಲಿ ಮತ್ತೆ ಅದೇ ಎರಡು ಮೂಲೆ. ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈದವರ ಹತ್ತಿರ ಮನುಷ್ಯ ಅರ್ಧ ಸಾಲ ತೀರಿಸಿದಂತೆ. ಇವಳು ಬೆಳಗಿನಿಂದ ಇವನಿಗೆ ಒಂದರ ಹಿಂದೆ ಒಂದು ಅವಕಾಶ ಕೊಡುತ್ತ ಬಂದಿದ್ದಳು, ಇವನು ಒಂದೊಂದನ್ನೂ ದಾಟಿ ಮುಂದೆ ಹೋಗಿದ್ದ, ಮತ್ತು ಅವಳು ಪಕ್ಕದಲ್ಲಿ ಕುಳಿತು ಅದನ್ನೆಲ್ಲ ನೋಡುತ್ತಿದ್ದಳು. ತಾನು ಯಾರಿಗೂ ಕಾಣದೆ ಇದ್ದೇನೆ ಎಂದುಕೊಂಡಿದ್ದ ಆ ಇಡೀ ಮುಂಜಾನೆ ಬಟ್ಟೆಯಿಲ್ಲದೆ ತಿರುಗಾಡಿದಂತೆ ಈಗ ಅನ್ನಿಸಿ ಅವನು ಕಾಲರ್ ಸರಿಮಾಡಿಕೊಂಡ. ನಮ್ಮ ಕಡಿಂದ ತಪ್ಪಾಗೇತಿ ಎಂದಿದ್ದಳು. ನನ್ನ ಎಂದಿರಲಿಲ್ಲ. ಹೌದ್ರಿ, ಅಕ್ಷರ ತಿರುವ್ಯಾವು ಎಂದಿದ್ದಳು. ಒಂದು ಸುಳ್ಳನ್ನೂ ಹೇಳದೆ ಅವಳು ದಿನವನ್ನು ಇಲ್ಲಿಯ ತನಕ ತಂದು ನಿಲ್ಲಿಸಿದ್ದಳು.

ಸರ್ ಚಶ್ಮಾ ತೆಗೆದು ಕಣ್ಣು ಒರೆಸುತ್ತ ಕುಳಿತಿದ್ದರು. “ಏನಂದಳೋ ಪರಮೇಶಾ ಮುದುಕಿ? ಕೇಸು-ಗೀಸು ಅಂತೇನೂ ಅನ್ನಲಿಲ್ಲಲ್ಲ?”

“ಸರ್, ಆ ಟೆಸ್ಟಿನ ಹೆಸರು ತಿರುವಿದಾಕಿ ಸುಕನ್ಯಾ ಅಲ್ರಿ. ನಾನು.”

ಟೈಪಿಂಗಿನ ಸದ್ದು ನಿಂತಿತು. ಸರ್ ಚಶ್ಮಾ ಹಾಕಿಕೊಂಡು ಇವನನ್ನು ನೋಡಿದರು, ಆಮೇಲೆ ತಲೆ ತಗ್ಗಿಸಿ ನಿಂತಿದ್ದ ಸುಕನ್ಯಾಳನ್ನು, ಆಮೇಲೆ ಮತ್ತೆ ಇವನನ್ನು. ಅವರ ಮುಖ ಮೆತ್ತಗಾಯಿತು. ಎದ್ದು ಬಂದು ಇವನ ಭುಜದ ಮೇಲೆ ಕೈಯಿಟ್ಟರು. “ನೋಡ್ರೋ,” ಎಂದರು ಎಲ್ಲರಿಗೂ ಕೇಳುವಂತೆ. “ಹಿರೇತನ ಅಂದ್ರ ಇದು. ಹುಡುಗಿ ಅಲ್ಲಿ ಬೈಸಿಕೊಂಡದ್ದು ನೋಡಿ ಇವಗ ತಡಕೊಳ್ಳಿಕ್ಕೆ ಆಗಲಿಲ್ಲ. ತನ್ನ ಮ್ಯಾಲೆ ಹಾಕ್ಕೊಳ್ಳಿಕ್ಕೆ ಬಂದಾನ.”

“ಪರಮೇಶಣ್ಣಾ, ಅಡ್ಡಬಿದ್ದೆ!” ಮುತ್ತು ಕುರ್ಚಿಯಲ್ಲೇ ಬಾಗಿದ. “ಟೆಸ್ಟ್ ಬರಿಯಾಕ ಬರಲಾರದಾವ ನೀನಾ? ಸುಳ್ಳು ಹೇಳಿದ್ರ ನಂಬೂಹಂಗ ಹೇಳು.”

ಯಾರೋ ಚಪ್ಪಾಳೆ ತಟ್ಟಿದರು. ಪರಮೇಶನ ಮೈ ಬೆಚ್ಚಗಾಯಿತು. ಹೇಳಿದ್ದೂ ಆಯಿತು, ಇದ್ದದ್ದೆಲ್ಲ ಉಳಿಯಿತು, ಇನ್ನೂ ಒಂದು ಕೈ ಹೆಚ್ಚೇ ಆಯಿತು. ಇಲ್ಲಿಗೆ ನಿಲ್ಲಬಹುದು. ನಾನು ಹೇಳಿದೆ, ಅವರು ನಂಬಲಿಲ್ಲ, ನಾನೇನು ಮಾಡಲಿ? ಭುಜದ ಮೇಲಿನ ಆ ಕೈ ಎಷ್ಟು ಹಿತವಾಗಿತ್ತೆಂದರೆ ಅವನಿಗೆ ತನ್ನ ಮೇಲೆ ಹೇಸಿಗೆ ಬರುವುದಕ್ಕೂ ಒಂದು ಕ್ಷಣ ಹಿಡಿಯಿತು. ಸುಕನ್ಯಾ ಕಿಟಕಿಯ ಹತ್ತಿರ ಹೋಗಿ ತನ್ನ ಮೇಜಿನ ಮೇಲಿದ್ದ ಪೆನ್ನು, ಕರವಸ್ತ್ರ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅವಳು ಈ ಕಡೆ ನೋಡುತ್ತಿರಲಿಲ್ಲ. ಕಾಯುವುದನ್ನು ಬಿಟ್ಟಿದ್ದಳು.

“ಆತು, ಭಾಳ ದೊಡ್ಡ ಮನಸು ನಿಂದು,” ಎಂದು ಸರ್ ಮೇಜಿಗೆ ಮರಳಿ ಫೋನಿನ ರಿಸೀವರ್ ಎತ್ತಿದರು. “ಆದ್ರ ಇಕಿ ಅಲ್ಲಿ ಹೋಗೂದ ಛಲೋ. ಇಕಿಗೂ ಛಲೋ.”

“ಸರ್, ಫೋನ್ ಇಡ್ರಿ.” ದನಿ ಹಿಂದೆಂದೂ ಅವರ ಮುಂದೆ ಏರದಷ್ಟು ಏರಿತ್ತು. “ಪಟ್ಟಿ ಕೆಂಪ ಬಂತ್ರಿ ಅವತ್ತ. ನನ್ನ ಕೋಡು ಕೆಂಪಾತು. ಗಿರ್ಮಿಟ್ ತರ್ಸೂದಾಗತೈತಿ, ಮುತ್ತು ನಗತಾನ ಅಂತ... ಅಷ್ಟಕ್ಕ ಮಾಡಿದ್ದುರಿ ನಾ. ಅಷ್ಟಕ್ಕ.” ಯಾರೂ ನಗಲಿಲ್ಲ. ಇಷ್ಟು ಕ್ಷುಲ್ಲಕ ಕಾರಣವನ್ನು ಯಾರೂ ಕಟ್ಟಿ ಹೇಳಲಾರರು ಎಂಬುದು ಅವರ ಮುಖದ ಮೇಲೆ ನಿಧಾನಕ್ಕೆ ಮೂಡುತ್ತಿತ್ತು. ಇಲ್ಲಿಗಾದರೂ ನಿಲ್ಲಬಹುದಿತ್ತು, ನಾಲಗೆ ನಿಲ್ಲಲಿಲ್ಲ. “ಆ ಟೆಸ್ಟ್ ಪೂರಾ ಅಳಿಸಿದ್ರೂ ಆಗತಿತ್ತು. ಅಳಿಸಿದ್ರ ಯಾರು ಅಳಿಸಿದ್ರು ಅಂತ ಕೇಳ್ತಿದ್ರಿ. ಅಕ್ಷರ ತಿರುವಿದ್ರ ಯಾರೂ ಕೇಳಂಗಿಲ್ಲ, ಇಕೀದ ಅಂತೀರಿ. ಅದು ಗೊತ್ತಿತ್ತು ನನಗ. ಗೊತ್ತಿದ್ದ ತಿರುವಿದ್ನಿ.”

ಹೇಳುವ ತನಕ ಅದು ಅವನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದುದನ್ನು ಅವನು ಓಡಿಸಿ ನೋಡಿರಲಿಲ್ಲ. ಈಗ ಅದು ಕೋಣೆಯ ನಡುವೆ ನಿಂತಿತ್ತು, ಎಲ್ಲರೂ ಅದನ್ನು ನೋಡುತ್ತಿದ್ದರು.

ಸರ್ ರಿಸೀವರನ್ನು ಸದ್ದಾಗದಂತೆ ಕೆಳಗಿಟ್ಟರು. ಮೇಜಿನ ಮೇಲಿನ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು. ಮುತ್ತು ಕೀಲಿಮಣೆಯ ಮೇಲೆ ಕಣ್ಣಿಟ್ಟು ಕುಳಿತಿದ್ದ. ಅವನ ಬೆರಳು ಆಡುತ್ತಿರಲಿಲ್ಲ.

“ಸುಕನ್ಯಾ,” ಎಂದರು ಸರ್ ಕೊನೆಗೆ. “ಆ ಚೀಲ ಇಡವಾ. ನಾಳೆ ಇಲ್ಲೇ ಬಾ ನೀ. ನಂದು ತಪ್ಪಾತು, ಕೇಳದ ಮಾತಾಡಿದೆ.”

ಅವಳು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು, ಕುಳಿತಳು.

ಪರಮೇಶ ನಿಂತೇ ಇದ್ದ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದ. ಲೇ ಎನ್ನಲಿ, ನಾಚಿಕಿಲ್ಲೇನೋ ಎನ್ನಲಿ, ಹೋಗು ನನ್ನ ಕಣ್ಣ ಮುಂದಿಂದ ಎನ್ನಲಿ. ಸರ್ ಹತ್ತಿರ ಕೆಲಸಕ್ಕೆ ಸೇರಿದ ದಿನದಿಂದ ಇವನು ಅವರಿಗೆ ‘ನೀ’ಯೇ ಆಗಿದ್ದ, ಬೈಯುವಾಗಲೂ, ಹೊಗಳುವಾಗಲೂ, ಇವನ ಮಗಳ ಹೆಸರಿಡುವ ದಿನ ಮನೆಗೆ ಬಂದು ತೊಟ್ಟಿಲು ತೂಗುವಾಗಲೂ. ಸರ್ ಇವನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬ್ಯಾಂಕಿನಿಂದಲೋ ಮುನ್ಸಿಪಾಲ್ಟಿಯಿಂದಲೋ ಬಂದವರ ಜೊತೆ ಅವರು ಮಾತಾಡುವ ಮುಖ ಅದು.

“ನೀವು ಖರೇ ಹೇಳಿದ್ದು ಛಲೋ ಆತ್ರಿ, ಪರಮೇಶ ಅವರ,” ಎಂದರು. “ಹೋಗಿ ಕೂಡ್ರಿ.”